ಬೈರಾಪುರದ ಕಪ್ಪು ಕಲ್ಲು

ಹಾಸನ ಜಿಲ್ಲೆ ಚನ್ನರಾಯಪಟ್ಟಣ ತಾಲ್ಲೂಕಿನ ಬೈರಾಪುರ, ಜಂಬೂರು, ತಗಡೂರು, ಭಕ್ತರಹಳ್ಳಿಗಳ ಸುತ್ತ ಕೆಲಸ ನಿಂತ ಗಣಿಗುಂಡಿಗಳೂ ಕಲ್ಲುಪುಡಿಯ ದಿಬ್ಬಗಳೂ ಇವೆ. ಇಲ್ಲಿ ತೆಗೆದದ್ದು ಕ್ರೋಮೈಟ್, ಅಂದರೆ ಕ್ರೋಮಿಯಂ ಲೋಹದ ಅದಿರು. ಉಕ್ಕಿಗೆ ಕನಿಷ್ಠ ಶೇ 10.5ರಷ್ಟು ಕ್ರೋಮಿಯಂ ಬೆರೆತರೆ ಅದು ಅಡುಗೆಮನೆಯ ತುಕ್ಕು ಹಿಡಿಯದ ಸ್ಟೀಲ್ ಆಗುತ್ತದೆ. ಬೈರಾಪುರದಲ್ಲಿ ಸರ್ಕಾರಿ ಸ್ವಾಮ್ಯದ ಮೈಸೂರು ಮಿನರಲ್ಸ್ ಸಂಸ್ಥೆ ನೆಲದಡಿಗೆ ಸುರಂಗ ಇಳಿಸಿ ಅದಿರು ತೆಗೆಸಿತು.

ಈ ಅದಿರಿರುವ ನುಗ್ಗೇಹಳ್ಳಿ ಶಿಲಾಪಟ್ಟಿ ಸುಮಾರು 60 ಕಿ.ಮೀ. ಉದ್ದದ್ದು, ಅಗಲ ಮಾತ್ರ ಬಲು ಕಿರಿದು. ಹಳೇಕೋಟೆ ಕಡೆಯ ಹೊಳೆನರಸೀಪುರ ಪಟ್ಟಿ ಇದರ ಬಂಧು. ಎರಡರ ವಯಸ್ಸೂ 300 ಕೋಟಿ ವರ್ಷ ದಾಟುತ್ತದೆ. ಹಿಮಾಲಯ ಏಳತೊಡಗಿ ಇನ್ನೂ ಸುಮಾರು 5 ಕೋಟಿ ವರ್ಷ!

ಈ ಪಟ್ಟಿಗಳು ಹುಟ್ಟಿದ ಕಾಲದಲ್ಲಿ ಭೂಮಿಯ ಒಡಲು ಇಂದಿಗಿಂತ ಬಿಸಿಯಾಗಿತ್ತು. ಆಳದಿಂದ ಸುಮಾರು 1,600 ಡಿಗ್ರಿ ಸೆಲ್ಸಿಯಸ್ ಕಾವಿನ, ಮೆಗ್ನೀಸಿಯಂ ತುಂಬಿದ ಶಿಲಾದ್ರವ ಮೇಲೇರಿತು. ಅದು ಆರುವಾಗ ಮೊದಲೇ ಹರಳುಗಟ್ಟಿದ ಖನಿಜಗಳಲ್ಲಿ ಒಲಿವೀನ್ ಮತ್ತು ಕ್ರೋಮೈಟ್ ಸೇರಿದ್ದವು. ಭಾರವಾದ ಕ್ರೋಮೈಟ್ ಒಂದೆಡೆ ಕೂಡಿ ಮಸೂರದಾಕಾರದ ಗಡ್ಡೆಯಾಯಿತು. ಮುಂದೆ ನೀರು ಹೊಕ್ಕು ಒಲಿವೀನ್ ಹೇಳಹೆಸರಿಲ್ಲದಂತೆ ಮಾರ್ಪಟ್ಟು, ಕಲ್ಲು ಹಾವಿನ ಮೈಯಂತೆ ಹಸಿರು ಹಸಿರಾಗಿ ನುಣುಪಾದ ಸರ್ಪೆಂಟಿನೈಟ್ ಆಯಿತು. ಹೊಯ್ಸಳ ಶಿಲ್ಪಿಗಳ ಉಳಿಗೆ ಒಲಿದ ಬಳಪದ ಕಲ್ಲು ಕೂಡ ಇಂಥ ಮಾರ್ಪಾಡಿನಿಂದಲೇ ಹುಟ್ಟುತ್ತದೆ.

ಬೆರಗಿನ ಸಂಗತಿ ಎಂದರೆ, ಸುತ್ತಲಿನದೆಲ್ಲ ಬದಲಾದರೂ ಕ್ರೋಮೈಟ್ ಹರಳಿನ ನಡುಭಾಗ ಬದಲಾಗಲಿಲ್ಲ. ಅಂಚಿನಲ್ಲಷ್ಟೇ ಕಬ್ಬಿಣ ಹೆಚ್ಚಿತು. ನಡುವಿನ ಕ್ರೋಮಿಯಂ ಮತ್ತು ಅಲ್ಯೂಮಿನಿಯಂ ಪ್ರಮಾಣವನ್ನು ಅಳೆದರೆ ಮೂಲ ಶಿಲಾದ್ರವ ಎಂಥದ್ದೆಂದು ತಿಳಿಯುತ್ತದೆ. ಸಾಸಿವೆಗಿಂತ ಚಿಕ್ಕ ಹರಳೊಂದು 300 ಕೋಟಿ ವರ್ಷದ ಹಿಂದಿನ ಕಾವಿನ ಲೆಕ್ಕವನ್ನು ಜೋಪಾನವಾಗಿ ಇಟ್ಟುಕೊಂಡಿದೆ.

ಕಪ್ಪಗೆ ಭಾರವಾಗಿರುವುದೆಲ್ಲ ಕಬ್ಬಿಣದ ಅದಿರು ಎನ್ನುವುದು ತಪ್ಪು. ಇದೇ ಪಟ್ಟಿಯಲ್ಲಿ ಟೈಟಾನಿಯಂ, ವನೇಡಿಯಂ ಬೆರೆತ ಮ್ಯಾಗ್ನಟೈಟ್ ಕೂಡ ಇರುವುದರಿಂದ ಗೊಂದಲ ಸಹಜ. ಹೊಳಪಿಲ್ಲದ ಟೈಲ್ಸ್‌ ಹಿಂಬದಿಗೆ ಉಜ್ಜಿದರೆ ಮ್ಯಾಗ್ನಟೈಟ್ ಕಪ್ಪು ಗೆರೆ ಬಿಡುತ್ತದೆ, ಕ್ರೋಮೈಟ್ ಕಂದು ಗೆರೆ.

ಇನ್ನೊಂದು ತಪ್ಪು ತಿಳಿವಳಿಕೆ ಅಪಾಯಕಾರಿ: ಗಣಿಗುಂಡಿಯ ನೀರು ತಿಳಿಯಾಗಿದ್ದರೆ ಶುದ್ಧ ಎಂಬುದು. ಕಲ್ಲಿನೊಳಗಿನ ಮೂರು ವೇಲೆನ್ಸಿಯ ಕ್ರೋಮಿಯಂ ಸಾಧು. ಅದಿರು ಪುಡಿಯಾಗಿ ಗಾಳಿ, ನೀರು, ಮ್ಯಾಂಗನೀಸ್ ಆಕ್ಸೈಡುಗಳ ಸಂಗ ಸೇರಿದಾಗ ಅದರ ಒಂದು ಪಾಲು ನೀರಿನಲ್ಲಿ ಕರಗುವ, ವಿಷಕಾರಿಯಾದ ಆರು ವೇಲೆನ್ಸಿಯ ರೂಪ ತಾಳಬಲ್ಲದು. ಅದರ ಅಪಾಯಕಾರಿ ಮಟ್ಟ ಕಣ್ಣಿಗೂ ಕಾಣದು, ನಾಲಿಗೆಗೂ ತಿಳಿಯದು. ಕುದಿಸಿದರೂ ಹೋಗದು. ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸದೆ ಅಂಥ ನೀರನ್ನು ಕುಡಿಯಬಾರದು, ದನಕರುಗಳಿಗೂ ಕುಡಿಸಬಾರದು.