ಪವರ್ ವಿಂಡೋ ನಿಧಾನವೇ? ಕೊಬ್ಬರಿ ಎಣ್ಣೆ ಪರಿಹಾರವಲ್ಲ

ಕಾರಿನ ಗಾಜು ನಿಧಾನವಾದರೆ ಅಂಚಿಗೆ ಕೊಬ್ಬರಿ ಎಣ್ಣೆ ಬಿಡಿ ಎಂದು ಹೇಳುವವರಿದ್ದಾರೆ. ಒಂದೆರಡು ದಿನ ಸಲೀಸಾಗಬಹುದು. ಆಮೇಲೆ ಎಣ್ಣೆಗೆ ಧೂಳು ಮೆತ್ತಿಕೊಂಡು ಇನ್ನಷ್ಟು ಬಿಗಿಯಾಗುತ್ತದೆ.

ಎಲ್ಲ ಗಾಜುಗಳೂ ನಿಧಾನವಾಗಿದ್ದರೆ ಮೊದಲು ಬ್ಯಾಟರಿ ಪರೀಕ್ಷಿಸಿ. ಒಂದೇ ಗಾಜಾದರೆ, ಅದು ಜಾರುವ ರಬ್ಬರನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ, ಸಿಲಿಕೋನ್ ಸ್ಪ್ರೇ ಹೊಡೆಯಿರಿ. ಹಳೇ ಕಾರುಗಳಲ್ಲಿ, ಸ್ಪೋರ್ಟ್ಸ್ ಕಾರಾದರೂ ಅಷ್ಟೇ, ಮೋಟಾರಿನ ಕರೆಂಟೆಲ್ಲ ಸ್ವಿಚ್ ಮೂಲಕವೇ ಹರಿಯುವುದುಂಟು. ಸ್ವಿಚ್ಚಿನ ಒಳಗೆ ಕಪ್ಪುಗಟ್ಟಿದರೆ ಮೋಟಾರಿಗೆ ಪೂರ್ತಿ ವೋಲ್ಟೇಜ್ ಸಿಗದು. ಎಲೆಕ್ಟ್ರಿಷಿಯನ್ ಹತ್ತಿರ ರಿಲೇ ಹಾಕಿಸಬಹುದು.

ಇಷ್ಟಕ್ಕೆಲ್ಲ ಖರ್ಚು ಯಾಕೆ ಅನ್ನಬೇಡಿ. ನಾಲೆ ಏರಿಯ ಮೇಲೆ ಓಡಾಡುವ ಶ್ರೀರಂಗಪಟ್ಟಣ, ಪಾಂಡವಪುರದವರಿಗಂತೂ ಇದು ಬರೀ ಗಾಳಿಯ ವಿಷಯವಲ್ಲ. 2023ರ ನವೆಂಬರ್‌ನಲ್ಲಿ ಪಾಂಡವಪುರ ತಾಲ್ಲೂಕಿನ ಬನಘಟ್ಟದ ಬಳಿ ಕಾರು ವಿ.ಸಿ. ನಾಲೆಗೆ ಬಿದ್ದು ಐವರು ತೀರಿಕೊಂಡರು. ನೀರಿಗೆ ಬಿದ್ದ ಕಾರು ಸಾಮಾನ್ಯವಾಗಿ ಮುಳುಗುವ ಮುನ್ನ ಸ್ವಲ್ಪ ಹೊತ್ತು ತೇಲುತ್ತದೆ, ಹೆಚ್ಚೆಂದರೆ ಒಂದೆರಡು ನಿಮಿಷ. ಪವರ್ ವಿಂಡೋ ಆಗ ಇನ್ನೂ ಕೆಲಸ ಮಾಡುವ ಸಾಧ್ಯತೆಯೇ ಹೆಚ್ಚು. ಬಾಗಿಲಿನ ಗೊಡವೆಗೆ ಹೋಗದೆ ಬೆಲ್ಟ್ ಬಿಚ್ಚಿ, ಗಾಜು ಇಳಿಸಿ, ಮಕ್ಕಳನ್ನು ಮೊದಲು ಹೊರಗೆ ಕಳಿಸಿ, ಅಲ್ಲಿಂದಲೇ ನೀವೂ ಹೊರಬನ್ನಿ. ನೀರು ಗಾಜಿನ ಮಟ್ಟಕ್ಕೇರಿ ಒತ್ತತೊಡಗಿದರೆ ಗಟ್ಟಿ ಮೋಟಾರೂ ತಿಣುಕುತ್ತದೆ. ಮೊದಲೇ ನಿಧಾನವಾಗಿದ್ದ ಗಾಜು ಅರ್ಧಕ್ಕೇ ನಿಂತುಬಿಡಬಹುದು.