ಕರೇಲಾ ರಸವೂ ಶುಗರ್ ಮಾತ್ರೆಯೂ

ಕರ್ಜಗಿಯಲ್ಲಿ ಯಾರಿಗಾದರೂ ಶುಗರ್ ಬಂದಿದೆ ಎಂದು ಗೊತ್ತಾದರೆ ಸಾಕು, ಮರುದಿನವೇ ಸಲಹೆಗಳು ಶುರು. ಹಾಗಲಕಾಯಿ ರಸ ಕುಡಿಯಿರಿ, ಮೆಂತ್ಯ ನೆನೆಸಿಡಿ, ನೇರಳೆ ಬೀಜದ ಪುಡಿ ತಿನ್ನಿ. ನಮ್ಮ ಮನೆಯ ಮಾತಿನಲ್ಲಿ ಇವು ಕರೇಲಾ, ಮೇಥಿ, ಜಾಮೂನ್. ಸಲಹೆ ಮಾತ್ರ ಅದೇ. ನಾನು ಕಾಮರ್ಸ್ ವಿದ್ಯಾರ್ಥಿನಿ. ಆದರೂ ಇದನ್ನು ಓದಿ ತಿಳಿಯಬೇಕಾಯಿತು, ಏಕೆಂದರೆ ನಮ್ಮ ದಾದಿ ಕಳೆದ ವರ್ಷ ಪುಡಿಯನ್ನು ನಂಬಿ ಮಾತ್ರೆ ಬಿಟ್ಟರು. ಎರಡು ತಿಂಗಳಲ್ಲಿ ಖಾಲಿ ಹೊಟ್ಟೆಯ ಶುಗರ್ 240 ದಾಟಿತು. 126 ಮುಟ್ಟಿದರೇ ಅದು ಮಧುಮೇಹ.

ತಮಾಷೆಯೆಂದರೆ, ದಾದಿ ಬಿಟ್ಟ ಮೆಟ್‌ಫಾರ್ಮಿನ್ ಮಾತ್ರೆಯ ಕಥೆ ಶುರುವಾಗುವುದೂ ಒಂದು ಗಿಡದಿಂದಲೇ. ಯುರೋಪಿನ ಗೆಲೆಗಾ ಎಂಬ ಆ ಗಿಡದಲ್ಲಿರುವ ಗೆಲೆಜಿನ್ ಸಕ್ಕರೆ ಇಳಿಸುತ್ತದೆ. ಆದರೆ ಅದು ವಿಷ. ಮೇಯ್ದ ಕುರಿಗಳು ಸತ್ತದ್ದುಂಟು. ಅದೇ ಜಾತಿಯ, ಆದರೆ ಸುರಕ್ಷಿತವಾದ ಮೆಟ್‌ಫಾರ್ಮಿನ್ 1922ರಲ್ಲಿ ಡಬ್ಲಿನ್‌ನ ಪ್ರಯೋಗಾಲಯದಲ್ಲಿ ತಯಾರಾಯಿತು. 1957ರಲ್ಲಿ ಫ್ರಾನ್ಸಿನ ವೈದ್ಯ ಜಾನ್ ಸ್ಟರ್ನ್ ಅದನ್ನು ಮಧುಮೇಹಿಗಳಿಗೆ ಕೊಟ್ಟು ಫಲಿತಾಂಶ ಪ್ರಕಟಿಸಿದರು. ಯಕೃತ್ತು ರಕ್ತಕ್ಕೆ ಬಿಡುವ ಸಕ್ಕರೆಯನ್ನು ಅದು ಕಡಿಮೆ ಮಾಡುತ್ತದೆ.

ಹಾಗಾದರೆ ನಮ್ಮ ಗಿಡಗಳು? ಅವೂ ಸುಳ್ಳಲ್ಲ. ಮೆಂತ್ಯದ ಲೋಳೆಯಂಥ ನಾರು ಊಟದ ಸಕ್ಕರೆ ನಿಧಾನವಾಗಿ ರಕ್ತ ಸೇರುವಂತೆ ಮಾಡುತ್ತದೆ. ಮಧುನಾಶಿನಿ ಎಲೆ ಅಗಿದು ಸಕ್ಕರೆ ಬಾಯಿಗೆ ಹಾಕಿಕೊಂಡರೆ ಮರಳು ತಿಂದಂತೆ! ಅದರಲ್ಲಿರುವ ಜಿಮ್ನೆಮಿಕ್ ಆಮ್ಲಗಳು ನಾಲಿಗೆಯ ಸಿಹಿ ಗ್ರಾಹಕಗಳನ್ನು ಸ್ವಲ್ಪ ಹೊತ್ತು ತಡೆಯುತ್ತವೆ. ಹಾಗಲಕಾಯಿಯಲ್ಲಿ ಚರಾಂಟಿನ್ ಇದೆ. ಆದರೆ ಹಾಗಲಕಾಯಿಯ ಮೇಲೆ ನಡೆದ ಪ್ರಯೋಗಗಳನ್ನು 2012ರಲ್ಲಿ ಕಾಕ್ರೇನ್ ಸಂಸ್ಥೆಯ ವಿಮರ್ಶಕರು ಪರಿಶೀಲಿಸಿ, ಮಧುಮೇಹಕ್ಕೆ ಶಿಫಾರಸು ಮಾಡುವಷ್ಟು ಪುರಾವೆ ಇಲ್ಲ ಎಂದರು.

ನನ್ನ ಲೆಕ್ಕದ ತಲೆಗೆ ಹೊಳೆದದ್ದು ಇಷ್ಟು: ಮಾತ್ರೆಯ ಮೇಲೆ 500 ಮಿಲಿಗ್ರಾಂ ಎಂದು ಬರೆದಿರುತ್ತದೆ. ಸಂತೆಯ ಹಾಗಲಕಾಯಿಯ ಮೇಲೆ ಏನು ಬರೆದಿರುತ್ತದೆ? ತಳಿ, ಮಣ್ಣು, ಮಳೆ ಬದಲಾದರೆ ಒಳಗಿನ ಸತ್ವವೂ ಬದಲಾಗುತ್ತದೆ. ಇಂದಿನ ಲೋಟ ನಿನ್ನೆಯ ಲೋಟದಂತಿರುವುದಿಲ್ಲ.

ಪಲ್ಯ ಮಾಡಿ ರೊಟ್ಟಿಯ ಜೊತೆ ತಿನ್ನುವುದಕ್ಕೆ ಅಡ್ಡಿಯಿಲ್ಲ. ರಸವೋ ಪುಡಿಯೋ ದಿನಾ ತೆಗೆದುಕೊಳ್ಳುವವರು ಮಾತ್ರ ಡಾಕ್ಟರಿಗೆ ಹೇಳಲೇಬೇಕು. ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ಜೊತೆಗೆ ಇವೂ ಸೇರಿದರೆ ಸಕ್ಕರೆ ತೀರಾ ಇಳಿಯಬಹುದು. ಬೆವರು, ಕೈ ನಡುಕ, ಕಣ್ಣು ಮಂಜಾಗುವುದು ಅದರ ಗುರುತು. ಎಚ್ಚರವಿದ್ದರೆ ಕೂಡಲೇ ಸಕ್ಕರೆ ನೀರು ಕುಡಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಫೋನ್ ಮಾಡಿ.