ದನದ ಕೆಮ್ಮಿಗೆ ಔಷಧಿ ನಾಟದಾದಾಗ

ಮನುಷ್ಯರ ಆಸ್ಪತ್ರೆಯ ಕಿರುಹೊತ್ತಿಗೆಯಲ್ಲಿ ದನಕರುಗಳ ಕಾಯಿಲೆಯ ಮಾತೇಕೆ ಎಂದು ಕೆಲವರಿಗೆ ಅನಿಸಬಹುದು. ಆತಗೂರು ಸುತ್ತಿನ ಹಳ್ಳಿಗಳಿಂದ ಬಂದು ರೋಗಿಯ ಪಕ್ಕದಲ್ಲಿ ಕುಳಿತವರಿಗೆ ಹಾಗೆ ಅನಿಸಲಾರದು. ಅವರು ಇಲ್ಲಿದ್ದರೂ ಅರ್ಧ ಮನಸ್ಸು ಕೊಟ್ಟಿಗೆಯಲ್ಲಿರುತ್ತದೆ. ಎರಡು ಹೊತ್ತು ಡೈರಿಗೆ ಹಾಲು ಹಾಕಿದರೆ ತಾನೇ ಮನೆ ಖರ್ಚು, ಮಕ್ಕಳ ಫೀಸು, ಈ ಆಸ್ಪತ್ರೆಯ ಓಡಾಟ ಎಲ್ಲವೂ ನಡೆಯುವುದು! ಇನ್ನೊಂದು ಕಾರಣವೂ ಇದೆ. ನಿಮ್ಮ ಎದೆಯ ಸೋಂಕಿಗೆ ಇಲ್ಲಿ ಕೊಡುವ ಆಂಟಿಬಯೋಟಿಕ್ ಔಷಧಿಗಳೂ ನಿಮ್ಮ ಹಸುವಿನ ಎದೆಯ ಸೋಂಕಿಗೆ ಪಶುವೈದ್ಯರು ಕೊಡುವ ಔಷಧಿಗಳೂ ಬಹುಮಟ್ಟಿಗೆ ಒಂದೇ ಮನೆತನದವು. ಪೆನಿಸಿಲಿನ್, ಟೆಟ್ರಾಸೈಕ್ಲಿನ್, ಸಲ್ಫಾ, ಜೆಂಟಾಮೈಸಿನ್ ಇವೆಲ್ಲ ಎರಡೂ ಕಡೆ ಬಳಕೆಯಲ್ಲಿವೆ. ಒಂದು ಕಡೆ ಅವುಗಳ ಶಕ್ತಿ ಕುಂದಿದರೆ ಇನ್ನೊಂದು ಕಡೆಗೂ ಅದರ ಬಿಸಿ ತಟ್ಟುತ್ತದೆ.

ಮುಂಗಾರು ಹಿಡಿಯುವ ಹೊತ್ತಿಗೆ ಕಾಣಿಸಿಕೊಳ್ಳುವ ಗಳಲೆ ರೋಗ ನಮ್ಮ ರೈತರಿಗೆಲ್ಲ ಗೊತ್ತು. ಗಂಟಲು ಬೇನೆ ಎಂದೂ ಕರೆಯುತ್ತಾರೆ. ಜ್ವರ 104ರಿಂದ 107 ಡಿಗ್ರಿವರೆಗೆ ಏರುತ್ತದೆ, ಗಂಟಲು ಮತ್ತು ಗಂಗೆದೊಗಲು ಊದಿಕೊಳ್ಳುತ್ತದೆ, ಜೊಲ್ಲು ಸುರಿಯುತ್ತದೆ, ಉಸಿರಾಡುವಾಗ ಗೊರಗೊರ ಸದ್ದು ಬರುತ್ತದೆ. ಎಷ್ಟೋ ವೇಳೆ ಒಂದು ದಿನದೊಳಗೆ ಪ್ರಾಣಿ ಸತ್ತೇ ಹೋಗುತ್ತದೆ. ಹಸುವಿಗಿಂತ ಎಮ್ಮೆಗೆ ಇದು ಹೆಚ್ಚು ಮಾರಕ. ಇದಕ್ಕೆ ಕಾರಣ ಪ್ಯಾಸ್ಚುರೆಲ್ಲಾ ಮಲ್ಟೋಸಿಡಾ ಎಂಬ ಬ್ಯಾಕ್ಟೀರಿಯಾ. ಫ್ರಾನ್ಸಿನ ವಿಜ್ಞಾನಿ ಲೂಯಿ ಪ್ಯಾಸ್ಚರ್ ಅವರ ಹೆಸರನ್ನೇ ಇದಕ್ಕೆ ಇಟ್ಟಿದ್ದಾರೆ. ಆರೋಗ್ಯವಾಗಿರುವ ಕೆಲವು ದನಗಳ ಮೂಗು, ಗಂಟಲಿನಲ್ಲೂ ಇದು ಸುಮ್ಮನೆ ಇರುತ್ತದೆ. ಮಳೆಯ ಥಂಡಿ, ಮೇವಿನ ಕೊರತೆ, ದೂರದ ಸಂತೆಗೆ ಲಾರಿಯಲ್ಲಿ ನಿಂತು ಹೋದ ದಣಿವು, ಇಂಥವುಗಳಿಂದ ಮೈ ಬಳಲಿದಾಗ ಎದ್ದು ಕೂರುತ್ತದೆ. ಇದೇ ಪ್ಯಾಸ್ಚುರೆಲ್ಲಾದ ಬೇರೆ ಬಗೆಗಳೂ, ಅದರ ಹತ್ತಿರದ ನೆಂಟ ಮ್ಯಾನ್‌ಹೈಮಿಯಾ ಎಂಬುದೂ ಕರುಗಳಿಗೆ ನ್ಯುಮೋನಿಯಾ ತರುತ್ತವೆ. (ನಾಯಿ, ಬೆಕ್ಕು ಕಚ್ಚಿದ ಗಾಯ ಕೀವಾಗಿ ಇಲ್ಲಿಗೆ ಬರುವವರಲ್ಲೂ ಎಷ್ಟೋ ಸಲ ಪ್ಯಾಸ್ಚುರೆಲ್ಲಾ ಇರುತ್ತದೆ. ಅದು ನಮಗೆ ತೀರಾ ಹೊರಗಿನದಲ್ಲ.)

ಔಷಧಿ ನಾಟದಿರುವುದು ಎಂದರೇನು?

"ಹೋದ ವರ್ಷ ಒಂದೇ ಇಂಜೆಕ್ಷನ್ನಿಗೆ ಎದ್ದು ನಿಂತಿತ್ತು, ಈ ಸಲ ನಾಲ್ಕು ಕೊಟ್ಟರೂ ಆಗಲಿಲ್ಲ, ಹಸುವಿನ ಮೈ ಔಷಧಿಗೆ ಒಗ್ಗಿಹೋಗಿದೆ" ಎಂದು ಜನ ಹೇಳುವುದುಂಟು. ಒಗ್ಗಿರುವುದು ಹಸುವಿನ ಮೈಯಲ್ಲ, ಅದರೊಳಗಿನ ಬ್ಯಾಕ್ಟೀರಿಯಾ. ಈ ವ್ಯತ್ಯಾಸ ತಿಳಿದುಕೊಳ್ಳಬೇಕಾದದ್ದು. ಏಕೆಂದರೆ ಒಂದು ಹಸುವಿನ ಮೈ ಪಕ್ಕದ ಹಸುವಿಗೆ ಹರಡುವುದಿಲ್ಲ, ಬ್ಯಾಕ್ಟೀರಿಯಾ ಹರಡುತ್ತದೆ. ಇಲ್ಲಿಯವರೆಗೆ ಒಂದು ಸಲವೂ ಇಂಜೆಕ್ಷನ್ ಕಾಣದ ಪಕ್ಕದ ಮನೆಯ ಕರುವಿಗೂ ಔಷಧಿ ನಾಟದ ರೋಗಾಣುವೇ ಅಂಟಬಹುದು.

ಹೊಲಕ್ಕೆ ಕಳೆನಾಶಕ ಹೊಡೆಯುವವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಮದ್ದನ್ನು ತೆಳುಮಾಡಿ ಹೊಡೆದರೆ ಎಳೆಯ ಕಳೆ ಸಾಯುತ್ತದೆ, ಗಟ್ಟಿ ಕಳೆ ಉಳಿದು ಬೀಜ ಕಟ್ಟುತ್ತದೆ, ಮುಂದಿನ ಬೆಳೆಯಲ್ಲಿ ಅದರದೇ ಸಂತಾನ. ಬ್ಯಾಕ್ಟೀರಿಯಾಗಳಲ್ಲಿ ಈ ಕೆಲಸ ಬೇಗ ನಡೆಯುತ್ತದೆ, ಅವುಗಳಿಗೆ ಒಂದು ತಲೆಮಾರು ಎಂದರೆ ಎಷ್ಟೋ ವೇಳೆ ಒಂದು ಗಂಟೆಯೂ ಅಲ್ಲ. ಕೆಲವು ಬ್ಯಾಕ್ಟೀರಿಯಾ ಪೆನಿಸಿಲಿನ್ನನ್ನು ತುಂಡರಿಸುವ ರಸವನ್ನು ತಯಾರಿಸುತ್ತವೆ. ಕೆಲವು ಟೆಟ್ರಾಸೈಕ್ಲಿನ್ ಒಳಗೆ ಬಂದಷ್ಟನ್ನೂ, ಬಾವಿಗೆ ಪಂಪ್‌ಸೆಟ್ ಇಟ್ಟು ನೀರು ಎತ್ತಿದ ಹಾಗೆ, ಹೊರಕ್ಕೆ ಎತ್ತಿ ಹಾಕುತ್ತವೆ. ಪೆನಿಸಿಲಿನ್ ಕಂಡುಹಿಡಿದವರು ಅಲೆಗ್ಸಾಂಡರ್ ಫ್ಲೆಮಿಂಗ್, 1928ರಲ್ಲಿ. 1945ರಲ್ಲಿ ನೊಬೆಲ್ ಪಾರಿತೋಷಕ ಪಡೆದಾಗ ಮಾಡಿದ ಭಾಷಣದಲ್ಲೇ, ಕಡಿಮೆ ಪ್ರಮಾಣದಲ್ಲಿ ಔಷಧಿ ತೆಗೆದುಕೊಂಡರೆ ರೋಗಾಣುಗಳಿಗೆ ಅದನ್ನು ತಡೆದುಕೊಳ್ಳುವ ಶಕ್ತಿ ಬರುತ್ತದೆಂದು ಅವರು ಎಚ್ಚರಿಸಿದ್ದರು.

ಇನ್ನೂ ದೊಡ್ಡ ತೊಂದರೆ ಎಂದರೆ, ಬ್ಯಾಕ್ಟೀರಿಯಾಗಳು ಈ ಶಕ್ತಿಯನ್ನು ತಮ್ಮ ಸಂತಾನಕ್ಕಷ್ಟೇ ಅಲ್ಲದೆ ನೆರೆಯವರಿಗೂ ಹಂಚುತ್ತವೆ. ಅಮೆರಿಕದ ನೆಬ್ರಾಸ್ಕ ರಾಜ್ಯದಲ್ಲಿ ಸಾವಿರಾರು ದನಗಳನ್ನು ಒಟ್ಟಿಗೆ ಕೂಡಿ ಹಾಕಿ ಕೊಬ್ಬಿಸುವ ದೊಡ್ಡಿಗಳಿವೆ. ಅಂಥ ಒಂದು ದೊಡ್ಡಿಯಲ್ಲಿ 2005ರಲ್ಲಿ ದನವೊಂದರಿಂದ ತೆಗೆದ ಪ್ಯಾಸ್ಚುರೆಲ್ಲಾವನ್ನು ವಿಜ್ಞಾನಿಗಳು ಪರೀಕ್ಷಿಸಿದರು. ಔಷಧಿಗಳನ್ನು ಸೋಲಿಸುವ 12 ವಂಶವಾಹಿಗಳು ಅದರಲ್ಲಿ ಒಂದೇ ಗಂಟಿನಲ್ಲಿ ಸಿಕ್ಕವೆಂದು 2012ರಲ್ಲಿ ಪ್ರಕಟಿಸಿದರು. ಆ ಗಂಟು ಅಲ್ಲೇ ಕೂರುವುದಿಲ್ಲ. ಪ್ರಯೋಗಾಲಯದಲ್ಲಿ ಅದು ಮ್ಯಾನ್‌ಹೈಮಿಯಾಕ್ಕೂ, ಮನುಷ್ಯರ ಕರುಳಿನಲ್ಲೂ ಇರುವ ಇ. ಕೋಲಿಗೂ ದಾಟಿತು. ಒಂದೊಂದಾಗಿ ಔಷಧಿ ಬದಲಿಸುತ್ತಾ ಹೋಗುವುದು ಎಲ್ಲ ಕಾಲಕ್ಕೂ ದಾರಿಯಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ನಮ್ಮ ಕೊಟ್ಟಿಗೆಯಲ್ಲಿ

ನಮ್ಮಲ್ಲಿ ಅಂಥ ದೊಡ್ಡಿಗಳಿಲ್ಲ. ಎರಡು ಹಸು, ಒಂದು ಎಮ್ಮೆ, ಒಂದು ಕರು, ಇಷ್ಟೇ. ಇಲ್ಲಿ ತಪ್ಪು ನಡೆಯುವ ರೀತಿ ಬೇರೆ. ಆಸ್ಪತ್ರೆಯಲ್ಲಿ ಐದು ದಿನಕ್ಕೆಂದು ಕೊಟ್ಟ ಮಾತ್ರೆ, ಮೂರನೇ ದಿನ ಜ್ವರ ಇಳಿಯಿತೆಂದು ಗೂಡು ಸೇರುತ್ತದೆ. ಮುಂದೆಂದೋ ಹಸು ಕೆಮ್ಮಿದಾಗ ಅದನ್ನು ಬೆಲ್ಲದಲ್ಲಿ ಅದುಮಿ ತಿನ್ನಿಸುತ್ತಾರೆ. ಲೆಕ್ಕ ಹಾಕಿ ನೋಡಿ. ದನಕ್ಕೆ ಆಕ್ಸಿಟೆಟ್ರಾಸೈಕ್ಲಿನ್ ಕೊಡುವುದು ಸಾಮಾನ್ಯವಾಗಿ ಕಿಲೋ ತೂಕಕ್ಕೆ 10 ಮಿಲಿಗ್ರಾಂನಂತೆ. 400 ಕಿಲೋ ತೂಗುವ ಸೀಮೆ ಹಸುವಿಗೆ ದಿನಕ್ಕೆ 4000 ಮಿಲಿಗ್ರಾಂ ಬೇಕು. ಮನೆಯಲ್ಲಿ ಉಳಿದ 500 ಮಿಲಿಗ್ರಾಂನ ಒಂದು ಕ್ಯಾಪ್ಸೂಲ್ ಅದರ ಎಂಟನೆಯ ಒಂದು ಪಾಲು. ಇಷ್ಟರಿಂದ ರೋಗ ಹೋಗುವುದಿಲ್ಲ, ರೋಗಾಣುವಿಗೆ ಪಾಠ ಕಲಿಸಿದಂತಾಗುತ್ತದೆ. ಹೋಗಲಿ, ಎಂಟನ್ನೂ ತಿನ್ನಿಸಿದರೆ? ದೊಡ್ಡ ದನ ಮೇವು ಅರಗಿಸಿಕೊಳ್ಳುವುದೇ ಹೊಟ್ಟೆಯೊಳಗಿನ ಒಳ್ಳೆಯ ಸೂಕ್ಷ್ಮಜೀವಿಗಳ ಬಲದಿಂದ. ಬಾಯಿಯ ಮೂಲಕ ಕೊಟ್ಟ ಆಂಟಿಬಯೋಟಿಕ್ ಮೊದಲು ಕೊಲ್ಲುವುದು ಅವನ್ನೇ. ಹಸು ಮೆಲುಕು ನಿಲ್ಲಿಸುತ್ತದೆ, ಹಾಲು ಇಳಿಯುತ್ತದೆ.

ಗೊಟ್ಟದ ವಿಷಯವನ್ನೂ ಹೇಳಲೇಬೇಕು. ಎಣ್ಣೆಯನ್ನೋ ಕಷಾಯವನ್ನೋ ಗೊಟ್ಟದಲ್ಲಿ ತುಂಬಿ, ನಾಲಿಗೆ ಹಿಡಿದೆಳೆದು, ತಲೆ ಮೇಲೆತ್ತಿ ಹೊಯ್ಯುವ ಪದ್ಧತಿ ಹಿಂದಿನಿಂದ ಬಂದದ್ದು. ಹೊಯ್ದದ್ದು ದಾರಿ ತಪ್ಪಿ ಶ್ವಾಸನಾಳಕ್ಕೆ ಇಳಿದರೆ ನ್ಯುಮೋನಿಯಾ ಖಂಡಿತ. ಇಂಥ ನ್ಯುಮೋನಿಯಾ ವಾಸಿಯಾಗುವುದು ಬಹಳ ಕಷ್ಟ. ಆಮೇಲೆ ಎಷ್ಟು ಇಂಜೆಕ್ಷನ್ ಕೊಟ್ಟರೂ ಕೇಳದಿದ್ದಾಗ ದೂರು ಹೋಗುವುದು ಔಷಧಿಯ ಮೇಲೆ. ಕೆಮ್ಮುತ್ತಿರುವ ದನಕ್ಕೆ ಗೊಟ್ಟ ಹಾಕಲೇಬಾರದು.

ಎಲ್ಲ ಕೆಮ್ಮೂ ಬ್ಯಾಕ್ಟೀರಿಯಾದ್ದಲ್ಲ. ಕರುಗಳಲ್ಲಿ ಶ್ವಾಸಕೋಶದ ಜಂತಿನಿಂದ ಕೆಮ್ಮು ಬರುತ್ತದೆ, ಅದಕ್ಕೆ ಜಂತಿನ ಔಷಧಿ ಬೇಕು. ವೈರಸ್ಸಿನಿಂದ ಬಂದ ನೆಗಡಿಗೆ ಆಂಟಿಬಯೋಟಿಕ್ ಏನೂ ಮಾಡದು. ಕಾಲುಬಾಯಿ ಜ್ವರ ಬಂದು ಹೋದ ಮೇಲೆ ಕೆಲವು ಹಸುಗಳು ಬಿಸಿಲೇರಿದರೆ ಸಾಕು ತಿಂಗಳುಗಟ್ಟಲೆ ಏದುತ್ತವೆ, ಅದಕ್ಕೂ ಇಂಜೆಕ್ಷನ್ ಚುಚ್ಚಿಸುವುದು ವ್ಯರ್ಥ. ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾಕ್ಕೆ ಹೊರಗೋಡೆಯೇ ಇಲ್ಲ. ಗೋಡೆ ಒಡೆದು ಕೊಲ್ಲುವ ಪೆನಿಸಿಲಿನ್ ಅದರ ಮುಂದೆ ಹುಟ್ಟಿನಿಂದಲೇ ಸೋತದ್ದು. ಯಾವ ಕೆಮ್ಮು ಯಾವುದೆಂದು ಹೇಳಬೇಕಾದವರು ಪಶುವೈದ್ಯರು. ಅಂಗಡಿಯವರಲ್ಲ, ಪಕ್ಕದ ಮನೆಯವರಲ್ಲ. ಸಹಾಯವಾಣಿ 1962ಕ್ಕೆ ಫೋನ್ ಮಾಡಬಹುದು. ವೈದ್ಯರು ಬಂದಾಗ ಹಿಂದೆ ಏನೇನು ಕೊಟ್ಟಿದ್ದೀರಿ ಎಂಬುದನ್ನು ಮುಚ್ಚಿಡಬೇಡಿ. ಖಾಲಿ ಬಾಟಲಿ ಇದ್ದರೆ ತೋರಿಸಿ. ಒಂದೇ ಕೊಟ್ಟಿಗೆಯಲ್ಲಿ ಎರಡು ಮೂರು ದನಗಳಿಗೆ ಔಷಧಿ ನಾಟದಿದ್ದರೆ ಮೂಗಿನ ದ್ರವವನ್ನು ಪ್ರಯೋಗಾಲಯಕ್ಕೆ ಕಳಿಸಿ, ಯಾವ ಔಷಧಿಗೆ ರೋಗಾಣು ಬಗ್ಗುತ್ತದೆ ಎಂದು ನೋಡಿಸಲು ಕೇಳಿಕೊಳ್ಳಿ.

ಗಳಲೆ ರೋಗದ ಮಟ್ಟಿಗೆ ಇಷ್ಟೆಲ್ಲ ಕಷ್ಟವೇ ಬೇಡ. ಬೆಂಗಳೂರು ಹೆಬ್ಬಾಳದ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಯಲ್ಲಿ ಇದಕ್ಕೆ ಲಸಿಕೆ ತಯಾರಾಗುತ್ತದೆ. ಆರು ತಿಂಗಳು ತುಂಬಿದ ಕರುವಿನಿಂದ ಹಿಡಿದು ಎಲ್ಲ ದನ, ಎಮ್ಮೆಗೂ ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ ಹಾಕಿಸಬೇಕು. ರೋಗಾಣು ಎಷ್ಟು ಔಷಧಿಗಳನ್ನು ಗೆದ್ದಿದ್ದರೂ ಲಸಿಕೆಯ ಕೆಲಸಕ್ಕೆ ಅಡ್ಡಿಯಿಲ್ಲ. ಲಸಿಕೆ ಹಾಕಿಸಿದರೆ ಒಂದೆರಡು ದಿನ ಹಾಲು ಕಡಿಮೆಯಾಗುತ್ತದೆಂದು ತಪ್ಪಿಸಿಕೊಳ್ಳುವವರಿದ್ದಾರೆ. ಎಮ್ಮೆಯೇ ಹೋದರೆ ಹಾಲಿನ ಮಾತೆಲ್ಲಿ?

ಹಾಲಿನ ಬಗ್ಗೆ

ಇಂಜೆಕ್ಷನ್ ಕೊಟ್ಟ ಹಸುವಿನ ಹಾಲಿಗೆ ಹೆಪ್ಪು ಹಾಕಿದರೆ ಮೊಸರು ಕಟ್ಟದಿರುವುದನ್ನು ಎಷ್ಟೋ ತಾಯಂದಿರು ನೋಡಿರುತ್ತೀರಿ. ಅದು ದೃಷ್ಟಿಯೂ ಅಲ್ಲ, ಹೆಪ್ಪಿನ ದೋಷವೂ ಅಲ್ಲ. ಮೊಸರು ಮಾಡುವುದೂ ಬ್ಯಾಕ್ಟೀರಿಯಾವೇ. ಹಾಲಿನಲ್ಲಿ ಇಳಿದು ಬಂದ ಔಷಧಿ ಅದನ್ನು ಕೊಂದಿರುತ್ತದೆ. ಕಾಯಿಸಿದರೂ ಆ ಔಷಧಿ ಪೂರ್ತಿ ಹೋಗುವುದಿಲ್ಲ. ಎಷ್ಟು ದಿನ ಹಾಲು ಬಳಸಬಾರದೆಂದು ದನದ ಔಷಧಿಯ ಚೀಟಿಯ ಮೇಲೆ ಮುದ್ರಿಸಬೇಕೆಂದು ಕೇಂದ್ರ ಸರ್ಕಾರ 2012ರಲ್ಲಿ ನಿಯಮ ಮಾಡಿದೆ. ಆ ಔಷಧಿಗೆಂದೇ ಅವಧಿ ಗೊತ್ತಾಗಿರದಿದ್ದರೆ ಹಾಲಿಗೆ 7 ದಿನಕ್ಕೆ ಕಡಿಮೆ ಇರಬಾರದು. ಅಷ್ಟು ದಿನ ಆ ಹಾಲು ಡೈರಿಗೂ ಬೇಡ, ಮನೆಗೂ ಬೇಡ. ನಷ್ಟವೆಂಬುದು ನಿಜ. ಗೆಜ್ಜಲಗೆರೆಗೆ ಹೋಗುವ ಟ್ಯಾಂಕರಿನಲ್ಲಿ ನಿಮ್ಮ ಕ್ಯಾನಿನ ಹಾಲು ಊರಿನವರೆಲ್ಲರ ಹಾಲಿನೊಂದಿಗೆ ಬೆರೆಯುತ್ತದೆ ಎಂಬುದೂ ನಿಜ.

ಟಿ.ಬಿ. ಇರುವವರಿಗೆ

ದನಗಳಿಗೂ ಕ್ಷಯ ಬರುತ್ತದೆ. ಅದನ್ನು ತರುವ ಮೈಕೋಬ್ಯಾಕ್ಟೀರಿಯಂ ಬೋವಿಸ್ ಎಂಬ ರೋಗಾಣು ಹಸಿ ಹಾಲಿನಿಂದಲೂ, ಕೆಮ್ಮುವ ದನದ ಉಸಿರಿನಿಂದಲೂ ಮನುಷ್ಯರಿಗೆ ದಾಟಬಲ್ಲದು. ನಮ್ಮ ಕ್ಷಯಕ್ಕೆ ಮೊದಲು ಕೊಡುವ ನಾಲ್ಕು ಮುಖ್ಯ ಔಷಧಿಗಳಲ್ಲಿ ಪೈರಾಜಿನಮೈಡ್ ಒಂದು. ದನದಿಂದ ಬಂದ ಈ ರೋಗಾಣುವಿಗೆ ಅದು ಹುಟ್ಟಿನಿಂದಲೇ ನಾಟುವುದಿಲ್ಲ. ಆದ್ದರಿಂದ ಹಾಲನ್ನು ಉಕ್ಕಿಸಿಯೇ ಕುಡಿಯಿರಿ, ಗಿಣ್ಣದ ಹಾಲನ್ನೂ ಹಸಿಯಾಗಿ ಸೇವಿಸಬೇಡಿ. ಹೊರರೋಗಿ ವಿಭಾಗದಲ್ಲಿ ಕೆಮ್ಮಿನ ಬಗ್ಗೆ ವೈದ್ಯರು ವಿಚಾರಿಸುವಾಗ, ಮನೆಯಲ್ಲಿ ಬಹಳ ದಿನದಿಂದ ಕೆಮ್ಮುತ್ತಾ ಬಡವಾಗುತ್ತಿರುವ ದನವಿದ್ದರೆ, ಕೇಳದಿದ್ದರೂ ಆ ಮಾತನ್ನು ಅವರಿಗೆ ತಿಳಿಸಿ.